ಮಡಿವಂತ ಸಿಗಡಿಗಳು

ಸಿಗಡಿಗಳಿಗೆ ಏಕಾದಶಿ ಮಾಡಿಸಿದ ಮನುಷ್ಯನನ್ನು ನೀವು ಕಂಡಿದ್ದೀರಾ? ಮಾನ್ವಿಗೆ ಬನ್ನಿ, ತೋರಿಸುತ್ತೇನೆ. ಬೇರೆ ಯಾರೂ ಅಲ್ಲ, ನನ್ನ ಒಡಹುಟ್ಟಿದ ತಮ್ಮ!

ದೇವದುರ್ಗದಲ್ಲಿ ಮಾಸ್ತರಿಕೆ ಮುಗಿಸಿ ಬಂದವನು ಉಪ್ಪೇರಿ ಸವುಳಾದ ಹೊಲದಲ್ಲಿ ಹೊಂಡ ತೋಡಿಸಿ ಸಿಗಡಿ ಬಿಟ್ಟ. ಅವಕ್ಕೆ ಮೀನಿನ ಪುಡಿ ಹಾಕಬೇಕಂತೆ. ಉಳ್ಳಾಗಡ್ಡಿ ಬಂಡಿ ಹಾದುಹೋದರೆ ಸ್ನಾನ ಮಾಡುವ ಇವನು ಹಾಕುತ್ತಾನೆಯೇ? ಬರೀ ಸೋಯಾ ಹಿಂಡಿ!

"ಲೇ, ನಾಳೆ ಅವನ್ನ ಮಂದಿ ಹುರಿದು ತಿಂತಾರಲ್ಲೋ?" ಎಂದೆ.

"ಅದು ಅವರ ಕರ್ಮ, ಅಕ್ಕಾ. ನನ್ನ ಹೊಂಡದಾಗ ಇರೂತನಕ ಆಚಾರ ನಂದು!"

ಏಕಾದಶಿಗೆ ಅವನ್ನೂ ಉಪವಾಸ ಕೆಡವಿದ. ದ್ವಾದಶಿ ಬೆಳಿಗ್ಗೆ ನೋಡಿದರೆ, ಹಸಿದವು ಒಂದನ್ನೊಂದು ತಿಂದು ಪಾರಣೆ ಮುಗಿಸಿದ್ದವು!

ಉಳಿದವೂ ಬೆಳೆಯಲಿಲ್ಲ. ರಾಯಚೂರಿನ ಮೇವಿನ ಅಂಗಡಿಯವನು, "ಸೋಯಾದಾಗ ಮೆಥಿಯೊನಿನ್ ಕಮ್ಮಿ ಅದರೀ ಸರ್. ಅದಿಲ್ಲಂದ್ರ ಮೈ ಹಿಡಿಯಂಗಿಲ್ಲ," ಎಂದು ಬಿಳಿ ಪುಡಿ ಕೊಟ್ಟ. ಅಮೈನೊ ಆಮ್ಲವಂತೆ. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೆ ಹೆಸರಿಗಿಂತ ಮೊದಲು ನಾತ ತಿಳಿಯಿತು.

"ಕೊಳತ ತತ್ತಿ ನಾತ ಬರ್ತದಲ್ಲೋ!"

"ತತ್ತಿ ನಾತ ನಿನಗ ಹೆಂಗ ಗೊತ್ತಾತು, ಅಕ್ಕಾ?"

ಮೂಗಿಗೆ ಮಡಿ ಉಡಿಸಲು ಆಗುತ್ತದೆಯೇ?

ಆ ಪುಡಿ ಸಿಗಡಿಯ ಬಾಯಿ ಸೇರುವ ಮೊದಲೇ ನೀರಲ್ಲಿ ಕರಗಿಬಿಡುತ್ತಿತ್ತು. ಅದಕ್ಕೆ ನನ್ನ ಅನ್ನದ ಗಂಜಿ ಕದ್ದು, ಅದರಲ್ಲಿ ಕಲಸಿ ಹಿಂಡಿಗೆ ಅಂಟಿಸತೊಡಗಿದ. ಒಂದು ಹಿಡಿ ಮೇವನ್ನು ಬಲೆ ಬಿಗಿದ ತಾಟಿನಲ್ಲಿಟ್ಟು ಹಗ್ಗದಿಂದ ಹೊಂಡಕ್ಕೆ ಇಳಿಸುವುದು, ಎರಡು ತಾಸಿಗೆ ಎತ್ತಿ ನೋಡುವುದು. ಮೇವು ಉಳಿದಿದ್ದರೆ ಇವನಿಗೂ ಊಟ ಸೇರದು. "ತಿನ್ನಲಿಲ್ಲಂದ್ರ ಉಳಿಯಂಗಿಲ್ಲ, ಅಕ್ಕಾ," ಎಂದು ಗೋಡೆ ನೋಡುತ್ತಾ ಕೂಡುವನು. ಒಂದು ದಿನ ಓಣಿಯ ತುದಿಯಿಂದಲೇ ಕೂಗುತ್ತಾ ಬಂದ: "ತಾಟು ಖಾಲಿ!" ಮೊಮ್ಮಗ ಹುಟ್ಟಿದಾಗಲೂ ಇಷ್ಟು ಕೂಗಿರಲಿಲ್ಲ.

ಶ್ರಾವಣದಲ್ಲಿ ನನಗೆ ಜ್ವರ ಬಂತು. ಹೋಗುವಾಗ ಬಾಯಿರುಚಿಯನ್ನೂ ಒಯ್ದಿತು. ಉಣ್ಣದ ತಾಟನ್ನು ಮಂಚದ ಕೆಳಗೆ ಸರಿಸಿ ಮಲಗುತ್ತಿದ್ದೆ. ಎರಡು ತಾಸಿಗೆ ಸರಿಯಾಗಿ ಬರುವನು, ಬಗ್ಗಿ ತಾಟು ಎಳೆದು ನೋಡುವನು.

"ನಾನೇನ್ ನಿನ್ನ ಸಿಗಡಿ ಏನೋ?"

ಮರುದಿನ ಅವನು ತಂದ ತಾಟಿನಲ್ಲಿ ಅನ್ನ ಕಡಿಮೆ, ಹೆಸರುಬೇಳೆ ಹೆಚ್ಚು. ಹೊಂಡವನ್ನು ಆಳಿಗೆ ಬಿಟ್ಟು ಮಂಚದ ಬಳಿಯೇ ಕುಳಿತ.

ಕಾಟ ತಡೆಯದೆ ಒಂದು ಮಧ್ಯಾಹ್ನ ತಾಟಿನಲ್ಲಿದ್ದುದನ್ನೆಲ್ಲ ಕಿಟಕಿಯಾಚೆಯ ಆಕಳಿಗೆ ಸುರಿದೆ. ಬಂದ, ಬಗ್ಗಿದ, ನೋಡಿದ. ಬಾಗಿಲಿಗೆ ಓಡಿ ಓಣಿಗೆಲ್ಲ ಕೇಳುವಂತೆ ಕೂಗಿದ: "ತಾಟು ಖಾಲಿ!" ಆಮೇಲೆ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

ಆಕಳಿನ ಸುದ್ದಿ ನಾನು ಹೇಳಲಿಲ್ಲ. ಮರುದಿನದಿಂದ ನಾನೇ ತಿಂದೆ.