ಆರ್ಲೋನ ವಾಷಿಂಗ್ಟನ್ ಜ್ವರ

ಆರ್ಲೋ ಥಿಬೊಗೆ ಬೆಳಿಗ್ಗೆ ಎದ್ದ ಕೂಡಲೇ ಕಾಫಿಗಿಂತ ಮೊದಲು ಒಂದು ಗುಟುಕು ಹೆದರಿಕೆ ಬೇಕು. ಅದನ್ನು ವಾಷಿಂಗ್ಟನ್ ಮಹಾನಗರ ಟಿವಿಯ ಮೂಲಕ ತಪ್ಪದೆ ಸರಬರಾಜು ಮಾಡುತ್ತಿತ್ತು. ಈ ಸಲದ ಹೆದರಿಕೆಯಂತೂ ಅಂತಿಂಥದ್ದಲ್ಲ. ಸೆನೆಟ್ಟಿನವರು ಖರ್ಚಿನ ಮಸೂದೆಗೆ ಒಪ್ಪದಿದ್ದರೆ ಅಂದೇ ಸರ್ಕಾರಕ್ಕೆ ಬೀಗ, ಖರ್ಚಿಗೆ ಕಾಸಿಲ್ಲದೆ ಕಚೇರಿಗಳೆಲ್ಲ ಬಂದ್. ಬೀಗ ಬಿದ್ದರೆ ಕೇಂದ್ರದ ಅರಣ್ಯ ಕಚೇರಿಯಲ್ಲಿದ್ದ ಹೆಂಡತಿ ಮಾರ್ನಿ ಕೆಲಸವಿಲ್ಲದೆ ಮನೆಯಲ್ಲಿ ಕೂರಬೇಕು. (ಆಗ ಟಿವಿಯ ರಿಮೋಟು ಯಾರ ವಶವಾಗುತ್ತದೆ ಎಂಬುದು ಹೆದರಿಕೆಯೊಳಗಿನ ಹೆದರಿಕೆ.)

"ಕೇಳಿಸ್ತಾ ಮಾರ್ನಿ? ಇನ್ನಷ್ಟು ಸೆನೆಟರುಗಳು ತಿರುಗಿಬಿದ್ದಿದ್ದಾರಂತೆ. ಮುಗೀತು ಕಣೆ ನಮ್ಮ ಕಥೆ!"

"ನಿನ್ನೆನೂ ಮುಗಿದಿತ್ತು, ಮೊನ್ನೆನೂ ಮುಗಿದಿತ್ತು. ಮೊದಲು ಬೂಟು ಹಾಕ್ಕೋ. ಊರ ಸಭೆಗೆ ಹೊತ್ತಾಯ್ತು."

ವರ್ಮಾಂಟ್ ರಾಜ್ಯದ ಈಸ್ಟ್ ಟಾಲ್ಬರಿ ಊರಿನಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಜನರೆಲ್ಲ ಕೆಸರು ತುಳಿದುಕೊಂಡು ಶಾಲೆಯಲ್ಲಿ ಸೇರುತ್ತಾರೆ. ತಮ್ಮ ರಸ್ತೆ, ತಮ್ಮ ಸೇತುವೆ, ತಮ್ಮ ಜಗಳ ಎಲ್ಲವನ್ನೂ ಕೈಯೆತ್ತಿ ತಾವೇ ತೀರ್ಮಾನಿಸಿಕೊಳ್ಳುತ್ತಾರೆ. ಯಾರಿಗೂ ಬೇಡದ ಹುದ್ದೆಯೊಂದು ಮಿಕ್ಕರೆ, ಆ ಗಳಿಗೆಯಲ್ಲಿ ಒಳಗಿಲ್ಲದವನ ಕೊರಳಿಗೆ ಕಟ್ಟುವುದು ಅಲ್ಲಿನ ಸನಾತನ ಪದ್ಧತಿ. ಹೋದ ವರ್ಷ ಕೆಮ್ಮು ಬಂತೆಂದು ಹೊರಗೆ ಹೋದ ಪಾದ್ರಿಗಳು ಒಳಗೆ ಬರುವಷ್ಟರಲ್ಲಿ ಕಸದ ಗುಂಡಿಯ ಮೇಲ್ವಿಚಾರಕರಾಗಿದ್ದರು.

"ಹುದ್ದೆ ಹಂಚೋವಾಗ ಮಾತ್ರ ಎದ್ದು ಹೋಗಬೇಡ," ಎಂದು ಮಾರ್ನಿ ದಾರಿಯುದ್ದಕ್ಕೂ ಎಚ್ಚರಿಸಿದಳು.

ಆರ್ಲೋ ಕೂತ. ಮಧ್ಯಾಹ್ನದ ಬೀನ್ಸು, ಬ್ರೆಡ್ಡು ತಿಂದ. ಮತ್ತೆ ಕೂತ. ಅಷ್ಟರಲ್ಲಿ ಸೆನೆಟ್ಟಿನಲ್ಲಿ ಮತದಾನ ಶುರುವಾಯಿತೆಂದು ಜೇಬಿನ ಫೋನು ಗುರ್ರೆಂದಿತು, ಅಷ್ಟು ಹೇಳಿ ಸಿಗ್ನಲ್ಲು ಸತ್ತಿತು. ದೇಶವೇ ಮುಳುಗುವಾಗ ಊರ ಹುದ್ದೆ ಯಾವ ಲೆಕ್ಕ? ಮೆಲ್ಲಗೆ ಕಳ್ಳಹೆಜ್ಜೆ ಇಟ್ಟು ಹೋಗಿ ಕಾರಿನ ರೇಡಿಯೋ ಹಾಕಿದ.

ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು. ಪರ, ವಿರುದ್ಧ, ವಿರುದ್ಧ, ಪರ. ನಿಜಕ್ಕೂ ಅವನಿಗೆ ಅಳು ಬರುವಷ್ಟು ಭಯವಾಗಿತ್ತು. ಕೊನೆಗೆ ಮಸೂದೆ ಪಾಸಾಯಿತು, ಬೇಸಿಗೆಯವರೆಗೆ ಸರ್ಕಾರಕ್ಕೆ ಜೀವದಾನ ಸಿಕ್ಕಿತು. ಆರ್ಲೋ ಒಳಗೆ ಓಡಿದ. ಅಲ್ಲಿ ಜನ ಆಗಲೇ ಚಪ್ಪಾಳೆ ತಟ್ಟುತ್ತಿದ್ದರು.

"ಉಳೀತು! ಸರ್ಕಾರ ಉಳೀತು!" ಎಂದು ಎರಡೂ ಕೈ ಎತ್ತಿದ.

ಸಭೆ ನಡೆಸುತ್ತಿದ್ದ ಗ್ವೆಂಡೊಲಿನ್ ಅಜ್ಜಿ ಕನ್ನಡಕ ಸರಿಸಿ ನೋಡಿದರು. "ಉಳಿದದ್ದಷ್ಟೇ ಅಲ್ಲಪ್ಪ, ಇವತ್ತಿಂದ ನೀನೂ ಸರ್ಕಾರವೇ. ತಪ್ಪಿಸಿಕೊಂಡ ನಾಯಿ ಹಿಡಿಯೋ ಅಧಿಕಾರಿ. ಸರ್ವಾನುಮತ!"

ಆರ್ಲೋ ಬಾಗಿಲತ್ತ ಒಂದು ಹೆಜ್ಜೆ ಹಿಂದಿಟ್ಟ. ಅಂಗೈಯಗಲದ ನಾಯಿಮರಿ ಕಂಡರೂ ರಸ್ತೆ ದಾಟುವ ಪ್ರಾಣಿ ಅವನು.

"ಮಾರ್ನಿ, ನೀನಾದರೂ ಬೇಡ ಅನ್ನಬಾರದಿತ್ತಾ?"

"ಹೇಗೆ ಅನ್ನಲಿ? ಹೆಸರು ಸೂಚಿಸಿದ್ದೇ ನಾನು. ಟಿವಿ ಬಿಟ್ಟು ನಾಲ್ಕು ಹೆಜ್ಜೆ ಓಡಾಡ್ತೀಯಲ್ಲ ಅಂತ."

ಮರುದಿನ ಬೆಳಿಗ್ಗೆ ಟಿವಿ ಬಾಯಿ ತೆರೆಯುವ ಮೊದಲೇ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ರೂಫಸ್ ನಿಂತಿದ್ದ. ಅವನ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕರುವಿನಷ್ಟೆತ್ತರದ ಕರಿನಾಯಿ.

"ನಮ್ಮ ಕೋಳಿಗೂಡಿಗೆ ನುಗ್ಗಿತ್ತು. ಎಲ್ಲಿ ಸರ್ಕಾರ?"

"ಬಚ್ಚಲಲ್ಲಿ," ಎಂದಳು ಮಾರ್ನಿ. "ಒಳಗಿಂದ ಚಿಲಕ ಹಾಕ್ಕೊಂಡಿದೆ."

"ಮಾರ್ನೀ! ಇವತ್ತು ಸರ್ಕಾರ ಬಂದ್ ಅಂತ ಹೇಳೇ!" ಒಳಗಿಂದ ನಡುಗುವ ದನಿ ಬಂತು.

ಮಾರ್ನಿ ಹಗ್ಗ ಈಸಿಕೊಂಡು ಬಚ್ಚಲ ಬಾಗಿಲ ಹಿಡಿಗೆ ಬಿಗಿಯಾಗಿ ಕಟ್ಟಿದಳು. ಬ್ಯಾಗು ಹೆಗಲಿಗೆ ಹಾಕಿಕೊಂಡಳು.

"ನಾನು ಕೆಲಸಕ್ಕೆ ಹೊರಟೆ ಆರ್ಲೋ. ನಿನ್ನ ಪುಣ್ಯ, ನನ್ನ ಕಚೇರಿ ತೆರೆದಿದೆ. ಸಂಜೆ ಬರ್ತೀನಿ."

ನಾಯಿ ಬಾಗಿಲ ಸಂದಿಗೆ ಮೂಗಿಟ್ಟು ಉದ್ದಕ್ಕೆ ಮಲಗಿತು. ಬಚ್ಚಲಲ್ಲಿ ಟಿವಿ ಇರಲಿಲ್ಲ, ಕಿಟಕಿಯೂ ಬಹಳ ಸಣ್ಣದು.