ಫ್ರಾನ್ಸಿಗೊಂದು ಮೈಸೂರುಪಾಕು, ಉಗಾಂಡಕ್ಕೊಂದು ಉಪವಾಸ

ನಮ್ಮತ್ತೆಗೂ ನೆದರ್ಲೆಂಡ್ಸಿಗೂ ಏನು ಸಂಬಂಧ ಎಂದು ದಯವಿಟ್ಟು ಕೇಳಬೇಡಿ. ಅತ್ತೆ ಬೆಂಗಳೂರಿಗೆ ಹೋಗುವುದಕ್ಕೇ ನೂರು ಸಲ ಯೋಚಿಸುವವರು. ಆದರೂ ಗಂಡಸು ಗಂಡಸನ್ನು, ಹೆಂಗಸು ಹೆಂಗಸನ್ನು ಮದುವೆಯಾಗಬಹುದು ಎಂದು ಜಗತ್ತಿನಲ್ಲೇ ಮೊದಲು ಆ ದೇಶ ಕಾನೂನು ಮಾಡಿದಾಗ, ಕುವೆಂಪುನಗರದ ನಮ್ಮ ಬೀದಿಗೆಲ್ಲ ಮೈಸೂರುಪಾಕು ಹಂಚಿದ ಏಕೈಕ ಮಹಿಳೆ ಅವರು! ನೆದರ್ಲೆಂಡ್ಸಿನಲ್ಲೇ ಯಾರಾದರೂ ಅಷ್ಟು ತುಪ್ಪ ಸುರಿದಿದ್ದರೋ ಇಲ್ಲವೋ, ನನಗೆ ಗುಮಾನಿ.

ಅತ್ತೆ ನಮ್ಮ ತಂದೆಯ ತಂಗಿ. ಮದುವೆಯಾಗಲಿಲ್ಲ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದರು. ಅದೇ ಸ್ಕೂಲಿನ ಪಿ.ಟಿ. ಮೇಡಂ ನನಗೆ ಬುದ್ಧಿ ಬಂದಾಗಿನಿಂದ ಅವರ ಜೊತೆಗೇ ಇದ್ದಾರೆ. ನಮ್ಮ ಮನೆಯಲ್ಲಿ ಮೇಡಂ ಅವರನ್ನು 'ಅತ್ತೆ ಮನೆಯ ಬಾಡಿಗೆಯವರು' ಎನ್ನುವ ರೂಢಿ. ಸಾರಿಗೆ ಉಪ್ಪು ಎಷ್ಟು, ಅತ್ತೆ ಸ್ವೆಟರ್ ಹಾಕಿಕೊಳ್ಳಬೇಕೋ ಬೇಡವೋ ಎಂದೆಲ್ಲ ತೀರ್ಮಾನಿಸುವ ಬಾಡಿಗೆಯವರನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾವು ದಿನಾ ಕಾಣುತ್ತಿದ್ದೆವು. ಕಂಡದ್ದನ್ನು ಕೇಳದಿರುವ ಜಾಣತನ ನಮ್ಮ ವಂಶಕ್ಕೇ ಇದೆ.

ಅದೇ ಬೀದಿಯಲ್ಲಿ ಸಂಸಾರ ಮಾಡಿಕೊಂಡಿದ್ದ ನನ್ನ ಮಾನ ಮಾತ್ರ ಪ್ರತಿ ಡಬ್ಬಿ ಮೈಸೂರುಪಾಕಿನ ಜೊತೆಗೂ ಹೋಗುತ್ತಿತ್ತು. ಪಕ್ಕದ ಮನೆಯವರು "ಏನ್ ವಿಶೇಷ ಸಾ?" ಎಂದರೆ ನಾನು ಏನು ಹೇಳಲಿ? "ಅತ್ತೆಯ ಹುಟ್ಟಿದಹಬ್ಬ" ಎಂದುಬಿಟ್ಟೆ. ಒಂದು ವರ್ಷ ಉರುಗ್ವೆ, ನ್ಯೂಜಿಲೆಂಡ್, ಫ್ರಾನ್ಸ್ ಮೂರೂ ಒಂದರ ಹಿಂದೊಂದು ಕಾನೂನು ಮಾಡಿ ಕೂತವು. ಮೂರನೆಯ ಡಬ್ಬಿ ಕೈಗೆ ಬಂದಾಗ ಪಕ್ಕದವರು ಕಳವಳದಿಂದ ಕೇಳಿದರು: "ಇಂಗೇ ಆದ್ರೆ ಎಂಗೆ ಸಾ? ನಿಮ್ಮತ್ತೆಗೆ ಬೇಗ ವಯಸ್ಸಾಗೋಯ್ತದಲ್ಲ!"

ಐರ್ಲೆಂಡಿಗಂತೂ ಒಬ್ಬಟ್ಟೇ ಆಯಿತು. "ಜಡ್ಜುಗಳಲ್ಲ ಕಣೋ, ಜನ! ಜನಾನೇ ಕ್ಯೂ ನಿಂತು ಓಟು ಹಾಕಿದ್ದಾರೆ!" ಎಂದು ಹಿಟ್ಟಿನ ಕೈಯಲ್ಲೇ ನನ್ನ ಭುಜ ಅಲ್ಲಾಡಿಸಿದರು. ಆಫೀಸಿಗೆ ಹೊರಟಿದ್ದ ಶರ್ಟು ಅದು. ತೈವಾನಿಗೆ "ಏಷ್ಯಾ ಕಣೋ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಉಗಾಂಡದವರು ಇಂಥ ಜೋಡಿಗಳ ವಿರುದ್ಧ ಇರುವ ಕಾನೂನನ್ನು ಇನ್ನಷ್ಟು ಬಿಗಿ ಮಾಡಿದಾಗ ಮಾತ್ರ ಉಪವಾಸ. ಸಕ್ಕರೆ ಕಾಯಿಲೆಯವರು, ಮಧ್ಯಾಹ್ನಕ್ಕೇ ತಲೆಸುತ್ತು. ಕ್ಲಿನಿಕ್ಕಿಗೆ ಕರೆದುಕೊಂಡು ಹೋದ ಮೇಡಂ, "ಕಾನೂನು ಅಲ್ಲಿ, ಸುಸ್ತು ಇಲ್ಲಿ! ಡಾಕ್ಟ್ರಿಗೆ ಏನಂತ ಹೇಳ್ಲಿ, ಉಗಾಂಡ ಅನ್ಲಾ?" ಎಂದು ಗದರಿದರು.

ನಮ್ಮ ಸುಪ್ರೀಂ ಕೋರ್ಟು ಇಂಥ ಪ್ರೀತಿ ಅಪರಾಧವಲ್ಲ ಎಂದ ದಿನ ಬೀದಿಗೆ ಏನು ಕಾದಿದೆಯೋ ಎಂದು ನಾನು ಬಾಗಿಲು ಹಾಕಿಕೊಂಡು ಕೂತೆ. ಡಬ್ಬಿ ಬರಲೇ ಇಲ್ಲ! ಹೋಗಿ ನೋಡಿದರೆ ಇಬ್ಬರೂ ಟಿವಿ ಮುಂದೆ ಕೂತಿದ್ದರು. ಅತ್ತೆ ಪಾಠ ಮಾಡುವ ದನಿಯಲ್ಲಿ, "ಈ ಕಾನೂನು ತಂದ ಇಂಗ್ಲಿಷರು ತಮ್ಮನೆ ಕಸ ಯಾವತ್ತೋ ಗುಡಿಸ್ಕೊಂಡ್ರು. ಇಲ್ಲಿ ಬಿಟ್ಟುಹೋಗಿದ್ದನ್ನ ನಾವು ಪೂಜೆ ಮಾಡ್ಕೊಂಡು ಬಂದ್ವಿ" ಎಂದರು. ಆಮೇಲೆ, "ಅಳು ಬರ್ತಿದೆ, ನೀನು ಮನೆಗೆ ಹೋಗು" ಎಂದರು. ಕೆಲವು ವರ್ಷಗಳ ನಂತರ ಅದೇ ಕೋರ್ಟು, ಮದುವೆಯ ಹಕ್ಕು ಕೊಡುವುದು ನಮ್ಮ ಕೆಲಸವಲ್ಲ, ಪಾರ್ಲಿಮೆಂಟಿನದು ಎಂದಿತು. ಅವತ್ತು ಉಪವಾಸವೂ ಇಲ್ಲ, ಮೊಸರನ್ನ ಕಲಸಿಕೊಂಡು ಬೇಗ ಮಲಗಿದರು.

ಈಗ ನನ್ನ ಮಗಳಿಗೆ ಮದುವೆ ಗೊತ್ತಾಗಿದೆ. ಬೀಗರು ಯಾದವಗಿರಿಯ ಬಂಗಲೆಯವರು. ಛತ್ರದಲ್ಲಿ ಇಬ್ಬರೂ ಜೋಡಿಯಾಗಿ ಓಡಾಡಿ, ಅತ್ತೆ ಬೀಗಿತ್ತಿಗೆ ಥಾಯ್ಲೆಂಡಿನ ಹೊಸ ಕಾನೂನು ವಿವರಿಸುವುದನ್ನು ನೆನೆದೇ ನನ್ನ ಬಿ.ಪಿ. ಏರಿತು. ಅತ್ತೆಯೊಬ್ಬರೇ ಬಂದರೆ ಸಾಕು ಎಂದು ನಾನೇ ನಿಶ್ಚಯಿಸಿ, ಕಳೆದ ವಾರ ಹೆಂಡತಿಯೊಂದಿಗೆ ಕರೆಯಲು ಹೋದೆ.

ಹೆಂಡತಿ ಅತ್ತೆಗೆ ಅರಿಶಿನ ಕುಂಕುಮ ಕೊಟ್ಟಳು. ಮೇಡಂ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ನಿಂತರು. ಹೆಂಡತಿ ಕುಂಕುಮದ ಬಟ್ಟಲು ಹಿಡಿದು ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ, "ಅತ್ತೆ, ನೀವು ಮುಂಚೇನೇ ಬಂದ್ಬಿಡಿ. ಮೇಡಂಗೆ ಪಾಪ, ಅಷ್ಟು ಜನದ ಮಧ್ಯೆ ಕಷ್ಟ ಆಗ್ಬಹುದು" ಎಂದೆ. ಮೈದಾನದ ತುಂಬ ಮಕ್ಕಳನ್ನು ಒಂದು ಸೀಟಿ ಊದಿ ನಿಲ್ಲಿಸುತ್ತಿದ್ದವರಿಗೆ ಜನ ಕಂಡರೆ ಕಷ್ಟವಂತೆ!

"ಹೌದು ಕಣಪ್ಪ, ಅವತ್ತು ನನಗೆ ಮಂಡಿನೋವು ಇರತ್ತೆ" ಎಂದರು ಮೇಡಂ, ನಗುತ್ತಲೇ. ಮುಂದಿನ ತಿಂಗಳ ಮಂಡಿನೋವನ್ನು ಇವತ್ತೇ ನನಗೋಸ್ಕರ ತರಿಸಿಕೊಂಡರು. ನನಗೆ ನಿರಾಳವಾಯಿತು. ಹೌದು, ನಿರಾಳವೇ ಆಯಿತು, ಅದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಅತ್ತೆ ಕೂಗಾಡಲಿಲ್ಲ. ಲಗ್ನಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಹೇಳಿದರು: "ಅಷ್ಟು ದೇಶದ ಕಾನೂನು ಕಾದ್ಕೊಂಡು ಕೂತೆ ಕಣೋ. ನಿನ್ನ ಮನೆಗೆ ಬರೋದಕ್ಕೆ ಯಾವ ಕಾನೂನೂ ಬೇಡ ಅಂದ್ಕೊಂಡಿದ್ದೆ."

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಗೇಟಿನವರೆಗೆ ಹೋದೆ. ಹೆಂಡತಿ ಹಿಂದೆ ಬರಲಿಲ್ಲ. ಬಟ್ಟಲು ಹಿಡಿದು ಅಲ್ಲೇ ನಿಂತಿದ್ದಳು. ಬೀಗರಿಗೆ ಹೆದರಿ ನಾಚಿಕೆಪಟ್ಟವನಿಗೆ ಈಗ ನನ್ನ ಬಗ್ಗೆಯೇ ಎಂಥ ನಾಚಿಕೆಯಾಯಿತೆಂದರೆ ಗೇಟಿನ ಚಿಲಕ ತೆಗೆಯಲೂ ಆಗಲಿಲ್ಲ. ವಾಪಸು ಹೋಗಿ ಬಾಗಿಲಲ್ಲೇ ನಿಂತು ಕರೆದೆ:

"ಚಿಕ್ಕತ್ತೆ, ನೀವೂ ಬರಬೇಕು."

ಯಾರನ್ನು ಕರೆದೆನೋ ಎಂದು ಮೇಡಂ ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.