ಬ್ಯಾಡಗಿಯ ಬಿಸಿಲಿಗೆ ಒಣಗಿದ ಸೀರೆ

ಪುಷ್ಪಾವತಿಯ ನೀಲಿ ಸೀರೆ ಆ ಮುಂಜಾನೆ ಒದ್ದೆಯಾಗಿರದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಅವಳ ಗಂಡ ವಿಜಯಮಹಾಂತೇಶ ಮೂವತ್ತೆರಡು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು. ಯಾವ ಬಸ್ಸೂ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದೆಂದು ಸೀಟಿ ಊದಿ ಊದಿ, ನಿವೃತ್ತನಾದ ಮೇಲೂ ಆ ಸೀಟಿ ಅವನ ಎದೆಯೊಳಗೇ ಉಳಿದುಬಿಟ್ಟಿತ್ತು. ಹಳೆಯ ಟೆಂಪೋ ಕೊಂಡು, ಒಳಗೆ ಮಂಚ, ಒಲೆ, ನೀರಿನ ಟಾಕಿ ಕೂಡಿಸಿ, “ನಡೀ, ಊರೂರು ನೋಡೂಣು” ಎಂದು ಹೆಂಡತಿಯನ್ನು ಹತ್ತಿಸಿಕೊಂಡು ನಾಲ್ಕು ತಿಂಗಳಾಗಿತ್ತು. ದಿನಕ್ಕೊಂದು ಊರು. ಸಂಜೆ ಬರುವುದು, ಮುಂಜಾನೆ ಹೊರಡುವುದು. ಒಂದೂರಿನ ನೀರಿನಲ್ಲಿ ಒಗೆದ ಸೀರೆ ಮುಂದಿನೂರಿನ ಬಿಸಿಲಿನಲ್ಲಿ ಒಣಗುತ್ತಿತ್ತು. ನಡುದಾರಿಯಲ್ಲಿ ಅದು ಕಿಟಕಿಗೆ ಸಿಕ್ಕಿಕೊಂಡು, ಸೋತ ಪಕ್ಷದ ಬಾವುಟದ ಹಾಗೆ ಪಟಪಟ ಬಡಿದುಕೊಳ್ಳುತ್ತಿತ್ತು.

ಪುಷ್ಪಾವತಿಯದು ದೊಡ್ಡ ಆಸೆಯೇನಲ್ಲ. ಒಂದು ಊರಿನಲ್ಲಿ ಸೀರೆ ಒಗೆದು, ಅಲ್ಲೇ ಅದು ಒಣಗುವ ತನಕ ಕೂತಿರಬೇಕು. ಯಾರಾದರೂ ಹೆಣ್ಣುಮಗಳು “ಚಾ ಆತೇನ್ರಿ?” ಎಂದು ಎರಡನೆಯ ಸಲ ಕೇಳಬೇಕು. ಮೊದಲನೆಯ ಸಲ ಕೇಳುವವರು ಎಲ್ಲ ಊರಲ್ಲೂ ಇದ್ದರು. ಎರಡನೆಯದಕ್ಕೆ ಟೆಂಪೋ ನಿಲ್ಲುತ್ತಿರಲಿಲ್ಲ.

ಬ್ಯಾಡಗಿಯಲ್ಲಿ ಟೆಂಪೋ ನಿಂತದ್ದು ಮೈಲವ್ವನ ಅಂಗಳದ ಮಗ್ಗುಲಿಗೆ. ಮುಂಜಾನೆ ಏಳಕ್ಕೇ ಅಲ್ಲಿ ಐದಾರು ಹೆಂಗಸರು ಕೆಂಪು ರಾಶಿಯ ಸುತ್ತ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಕೈ ರಾಶಿಯಲ್ಲಿ, ಬಾಯಿ ಊರ ಸುದ್ದಿಯಲ್ಲಿ.

“ಬರ್ರಿ ಅಕ್ಕಾರ, ಕುಂದ್ರಿ. ಸೀರಿ ನಮ್ಮ ಹಗ್ಗಕ್ಕ ಹಾಕ್ರಿ. ಚಾ ಆತೇನ್ರಿ?” ಎಂದಳು ಮೈಲವ್ವ.

ಪುಷ್ಪಾವತಿ ಸೀರೆ ಹರವಿ ಬಂದು ಗಂಡನ ಮುಂದೆ ನಿಂತಳು. “ಅಲ್ರೀ, ಇವತ್ತೊಂದಿನ ಇಲ್ಲೇ ಇರೂಣೇನ್ರಿ?”

“ಇಲ್ಲೇನೈತಿ? ಮೆಣಸಿನಕಾಯಿ. ನಿನ್ನೆ ನೋಡಿದ್ವಲ್ಲ! ಎಂಟಕ್ಕ ಬಿಡೂದು.”

ಅವನು ಹಲ್ಲುಜ್ಜಲು ಅತ್ತ ಹೋದ. ಟೆಂಪೋದ ಚಾವಿ ಸೀಟಿನ ಮೇಲಿತ್ತು. ಪುಷ್ಪಾವತಿಯ ಕೈ ತಾನಾಗಿಯೇ ಅದನ್ನು ಎತ್ತಿಕೊಂಡು, ಮೈಲವ್ವನ ಬಾಗಿಲ ಮೂಲೆಯಲ್ಲಿದ್ದ ಹಸಿರು ಚೀಲದ ಮೆಣಸಿನಕಾಯಿಯೊಳಗೆ ಮೊಳಕೈ ತನಕ ಇಳಿಯಿತು. ಮನೆಯ ಚೀಲ, ಎಲ್ಲಿಗೆ ಹೋದೀತು?

ಎಂಟಕ್ಕೆ ಗದ್ದಲ ಎದ್ದಿತು. ಚಾವಿ ಹುಡುಕಲು ಇಡೀ ಓಣಿ ಇಳಿಯಿತು. “ನಾಯಿ ಒಯ್ದಿರಬೇಕ್ರಿ,” ಎಂದಳು ತೊಟ್ಟು ಬಿಡಿಸುತ್ತಿದ್ದ ಬೀರವ್ವ. ಎದುರುಮನೆಯ ಅಜ್ಜಪ್ಪ ಅಂಗಿಯ ತೋಳು ಮಡಚಿಕೊಂಡು ಬಂದ. “ಚಾವಿ ಯಾಕ್ ಬೇಕ್ರಿ? ಎರಡು ವೈರ್ ಕೂಡಿಸಿದ್ರ ಗಾಡಿ ಚಾಲೂ!”

ಪುಷ್ಪಾವತಿ ಟೆಂಪೋದ ಬಾಗಿಲಿಗೆ ಅಡ್ಡ ನಿಂತಳು. ಆದರೆ ವಿಜಯಮಹಾಂತೇಶ, “ಬ್ಯಾಡ ಬಿಡ್ರಿ. ಸಾವಕಾಶ ಸಿಗ್ತದ,” ಎಂದು ಚಷ್ಮಾದ ಡಬ್ಬಿಯನ್ನು ಎದೆಗವಚಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟ. ಸಾವಕಾಶ ಎಂಬ ಮಾತನ್ನು ಅವನ ಬಾಯಿಂದ ಅವಳು ಕೇಳಿದ್ದು ಅದೇ ಮೊದಲು.

ಅವಳು ಹಿಗ್ಗಿನಿಂದ ಹೆಂಗಸರ ನಡುವೆ ಕೂತು ಹತ್ತು ತೊಟ್ಟು ಬಿಡಿಸಿರಬಹುದು. ಬಾಗಿಲ ಮೂಲೆಯತ್ತ ಕಣ್ಣು ಹೋಯಿತು. ಮೂಲೆ ಖಾಲಿ.

“ಮೈಲವ್ವಾರ, ಆ ಹಸರ ಚೀಲ?” ಎಂದು ಗಂಡನಿಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದಳು.

“ಅದಾ? ನಮ್ಮ ಮಗಳು ಶ್ರೀದೇವಿಗೆ ವರ್ಷದ ಖಾರಕ್ಕ ಆರಿಸಿ ಇಟ್ಟಿದ್ದೆ. ಈಗರೆ ಅಯಾಜ್‌ನ ಆಟೋದಾಗ ರಾಣೆಬೆನ್ನೂರಿಗೆ ಕಳಿಸಿದ್ನೆಲ್ಲ. ಯಾಕ್ರಿ, ಮಾರಿ ಯಾಕ ಬಾಡ್ತು?”

ಯಾಕೆಂದು ಹೇಳುವ ಹಾಗಿರಲಿಲ್ಲ. ಪುಷ್ಪಾವತಿ ಗಂಡನ ಕಡೆ ತಿರುಗಿ, “ಕದರಮಂಡಲಗಿ ಹಣಮಪ್ಪಗ ಕಾಯಿ ಒಡಸಿ ಬರ್ತೇನ್ರಿ, ಚಾವಿ ಸಿಗಲಿ ಅಂತ,” ಎಂದಳು.

“ಹೋಗಿ ಬಾ. ಲಗೂ ಏನಿಲ್ಲ,” ಎಂದ ಅವನು, ಅವಳು ಬಿಟ್ಟ ಜಾಗದಲ್ಲಿ ಕೂತು ಮೆಣಸಿನಕಾಯಿ ಕೈಗೆತ್ತಿಕೊಳ್ಳುತ್ತ.

ರಾಣೆಬೆನ್ನೂರಿನ ಬಸ್ಸಿನಲ್ಲಿ ಅವಳಿಗೆ ನಿಲ್ಲಲು ಒಂದೇ ಕಾಲಿಗೆ ಜಾಗ ಸಿಕ್ಕಿತು. ಮನೆ ಹುಡುಕಿ ಬಾಗಿಲು ತಟ್ಟಿದರೆ ಶ್ರೀದೇವಿ ನಕ್ಕಳು. “ಚೀಲ ಇಲ್ಲೆಲ್ಲೈತ್ರಿ? ನಮ್ಮ ಮನಿಯವರು ಬೈಕಿನ ಮ್ಯಾಲೆ ಹಾವೇರಿಗೆ ಒಯ್ದ್ರು. ಮಕ್ತುಮಸಾಬನ ಗಿರಣಿ ಖಾರ ಆದ್ರ ಮಾತ್ರ ನಮ್ಮತ್ತಿಗೆ ಊಟ ಇಳೀತದ. ಒಳಗ ಬರ್ರಿ, ಚಾ ಕುಡೀರಿ.”

“ಇನ್ನೊಮ್ಮೆ ಬರ್ತೇನವ್ವ,” ಎಂದು ಓಡಿದಳು. ಗಿರಣಿಯ ಕಲ್ಲಿನ ನಡುವೆ ಚಾವಿ ಖಟಖಟ ಅರೆಯುವುದು, ಪುಡಿಯಾದ ಟೆಂಪೋ ಚಾವಿ ಶ್ರೀದೇವಿಯ ಅತ್ತೆಯ ಸಾರಿನಲ್ಲಿ ಕುದಿಯುವುದು ಅವಳ ಕಣ್ಣಿಗೆ ಕಟ್ಟಿತು. ಹಾವೇರಿಯ ಬಸ್ಸು ಮೋಟೆಬೆನ್ನೂರು ಕ್ರಾಸ್ ದಾಟುವಾಗ ಬ್ಯಾಡಗಿಯ ಬೋರ್ಡು ಕಂಡಿತು. ಆ ದಾರಿಯ ಕೊನೆಗೆ ತನ್ನ ಸೀರೆ ಒಣಗುತ್ತಿದೆ, ತಾನು ನೋಡಬೇಕೆಂದಿದ್ದ ಬಿಸಿಲು ಅಂಗಳ ದಾಟುತ್ತಿದೆ. ತವರಿನ ಮುಂದೆ ಹಾದು ಇಳಿಯದೆ ಹೋಗುವವಳ ಹಾಗೆ ಅವಳು ಬೋರ್ಡು ಮರೆಯಾಗುವ ತನಕ ತಿರುಗಿ ನೋಡಿದಳು.

ಗಿರಣಿಯಲ್ಲಿ ಒಂಬತ್ತು ಸಲ ಸೀನಿ, ಹತ್ತನೆಯದಕ್ಕೆ ಮುಂಚೆ ವಿಷಯ ಹೇಳಿದಳು. ಮಕ್ತುಮಸಾಬ ಶಾಂತವಾಗಿ ಗೂಡಿನಿಂದ ಚಾವಿ ತೆಗೆದುಕೊಟ್ಟ.

“ಹಾಕೂಕಿಂತ ಮೊದ್ಲ ನೆಲಕ್ಕ ಸುರುವಿ ನೋಡ್ತೇನ್ರಿ ಅಕ್ಕಾರ. ಮೂಗಬೊಟ್ಟು ಸಿಕ್ಕೈತಿ, ಗುಂಡಿ ಸಿಕ್ಕೈತಿ, ಒಮ್ಮೆ ಒಬ್ಬಾಕಿ ಕಟ್ಟಿಸಿದ ಹಲ್ಲೂ ಸಿಕ್ಕೈತಿ. ಗಾಡಿ ಚಾವಿ ಇದ ಮೊದ್ಲು!”

ಅವಳು ಬ್ಯಾಡಗಿಗೆ ಮರಳಿದಾಗ ಹೊತ್ತು ಇಳಿಮುಖವಾಗಿತ್ತು. ವಿಜಯಮಹಾಂತೇಶ ಹೆಂಗಸರ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಬೆರಳುಗಳೆಲ್ಲ ಕೆಂಪು. ಅಜ್ಜಪ್ಪನ ಎಮ್ಮೆಯ ಹೆಸರಿನಿಂದ ಹಿಡಿದು ಬೀರವ್ವನ ಮೊಣಕಾಲಿನ ನೋವಿನ ತನಕ ಅವನಿಗೆ ಎಲ್ಲ ಗೊತ್ತಾಗಿತ್ತು.

“ಅಣ್ಣಾರ, ಇನ್ನೊಂದು ಚಾ ಮಾಡ್ಲೇನ್ರಿ?” ಎಂದಳು ಮೈಲವ್ವ.

“ಬ್ಯಾಡವಾ, ಇದಕ್ಕ ನಾಲ್ಕಾತು,” ಎಂದ ಅವನು.

ಪುಷ್ಪಾವತಿ ಚಾವಿಯನ್ನು ಅವನ ಮುಂದಿಟ್ಟಳು. ಅವನು ನಗುತ್ತ ಚಷ್ಮಾದ ಡಬ್ಬಿ ತೆರೆದ. ಒಳಗೆ ಅಂಥದೇ ಇನ್ನೊಂದು ಚಾವಿ ಹೊಳೆಯುತ್ತಿತ್ತು.

“ಇದು ಮೊದಲಿಂದನೂ ಐತಿ. ನೀ ಚೀಲದಾಗ ಕೈ ಹಾಕಿದ್ದು ಕಂಡಿದ್ದೆ. ಪಾಪ, ಒಂದಿನ ನಿಲ್ಲಲಿ ಅಂತ ಸುಮ್ನಾದೆ. ಆಮ್ಯಾಲೆ ಹಣಮಪ್ಪನ ಕಡೆ ಓಡಿದಿ, ಭಕ್ತಿ ಬಂತೇನೋ ಅನ್ಕೊಂಡೆ.”

ಅವಳು ಎರಡೂ ಚಾವಿಗಳನ್ನು ನೋಡಿ ಸಣ್ಣಗೆ ಕೇಳಿದಳು: “ಹಂಗಾದ್ರ ನಾಳೆ ಒಂದಿನ ಇಲ್ಲೇ...”

“ಇನ್ನೇನ್ ಇರೂದು? ನಿನ್ನ ಆಸೆ ತೀರ್ತಲ್ಲ! ಇಡೀ ದಿನ ನಿಂತ್ವಿ. ನಾಳೆ ರಾಣೆಬೆನ್ನೂರು, ನಾಡದು ಹಾವೇರಿ. ಅವೆರಡೂ ನೀ ಇನ್ನೂ ನೋಡಿಲ್ಲ.”

ಅವನು ಎದ್ದು, ಕಟ್ಟೆಯ ಮೇಲಿಟ್ಟಿದ್ದ ನೀಲಿ ಸೀರೆಯನ್ನು ಅವಳ ಕೈಗಿತ್ತ. ತಾನೇ ಮಡಚಿದ್ದ, ಅಂಚು ಅಂಚಿಗೆ ಕೂಡಿರಲಿಲ್ಲ. “ನೋಡು, ಒಣಗೈತಿ. ಇಲ್ಲೇ ಒಣಗೈತಿ.”

ಪುಷ್ಪಾವತಿ ಸೀರೆಯನ್ನು ಮುಖಕ್ಕೆ ಹಿಡಿದಳು. ತಾನು ಕಾಣದ ಮಧ್ಯಾಹ್ನದ ಬಿಸಿಲು, ಖಾರದ ಘಾಟು ಎರಡೂ ಅದರಲ್ಲಿದ್ದವು. ಕಣ್ಣು ತುಂಬಿ ಹರಿಯಿತು. ಬ್ಯಾಡಗಿಯಲ್ಲವೇ, ಯಾಕೆಂದು ಯಾರೂ ಕೇಳಲಿಲ್ಲ.